ಇಸುಬು ಬಿಡುತ್ತಿಲ್ಲವೇ? ಒಮ್ಮೆ ಥೈರಾಯ್ಡ್ ಕಡೆಗೂ ನೋಡಿ

ಮೂವತ್ತು ನಲವತ್ತು ದಾಟಿದ ಮೇಲೆ ಕೆಲವರಿಗೆ ಇಸುಬು ಶುರುವಾಗುತ್ತದೆ. ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆಯುತ್ತಿದೆಯಾ? ಜೊತೆಗೆ ಮೈಯೆಲ್ಲ ಒಣಗುವುದು, ಸುಸ್ತು, ಚಳಿ, ಮಲಬದ್ಧತೆ ಒಂದೊಂದೇ ಸೇರಿಕೊಳ್ಳುತ್ತಿವೆಯಾ? ಹಾಗಿದ್ದರೆ ಒಂದು ಸಣ್ಣ ರಕ್ತ ಪರೀಕ್ಷೆ ಮಾಡಿಸಿ. ಅದರ ಹೆಸರು ಟಿಎಸ್‌ಎಚ್. ಅದನ್ನು ಯಾರು ಮಾಡಿಸಬೇಕು, ರಿಪೋರ್ಟ್ ಬಂದ ಮೇಲೆ ಏನು ಮಾಡಬೇಕು, ಚರ್ಮ ಮತ್ತು ಥೈರಾಯ್ಡ್ ಎರಡನ್ನೂ ಒಟ್ಟಿಗೆ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಾನು ದಾವಣಗೆರೆಯ ನಿಟುವಳ್ಳಿ ಕಡೆ ಮೆಡಿಕಲ್ ಶಾಪ್ ನಡೆಸುವವಳು. ಡಿ.ಫಾರ್ಮ ಓದಿದ್ದೇನೆ, ಡಾಕ್ಟರ್ ಅಲ್ಲ. ಆದರೆ ಕೌಂಟರ್ ಹಿಂದೆ ನಿಂತವರಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. ಚರ್ಮದ ಡಾಕ್ಟರ ಚೀಟಿ ಒಂದು ದಿನ ಬರುತ್ತದೆ, ಥೈರಾಯ್ಡ್ ಮಾತ್ರೆಯ ಚೀಟಿ ಇನ್ನೊಂದು ದಿನ. ಎರಡೂ ಒಬ್ಬರದ್ದೇ. ಆದರೆ ಒಬ್ಬ ಡಾಕ್ಟರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಯಾರೂ ಹೇಳಿರುವುದಿಲ್ಲ. ನಮ್ಮ ಅಕ್ಕನಿಗೂ ಎರಡೂ ಇವೆ. ಅವಳು ಇರುವುದು ಚಳ್ಳಕೆರೆಯಲ್ಲಿ. ಫೋನಿನಲ್ಲಿ ಅವಳಿಗೆ ಹೇಳುವುದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಚರ್ಮಕ್ಕೂ ಥೈರಾಯ್ಡಿಗೂ ಏನು ನಂಟು

ಥೈರಾಯ್ಡ್ ಅನ್ನುವುದು ಕುತ್ತಿಗೆಯ ಮುಂಭಾಗದಲ್ಲಿರುವ ಚಿಟ್ಟೆ ಆಕಾರದ ಗ್ರಂಥಿ. ಅದು ಟಿ4, ಟಿ3 ಅನ್ನುವ ಹಾರ್ಮೋನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೈಯ ಶಾಖ, ಎದೆಬಡಿತ, ಕರುಳಿನ ಓಟ ಎಲ್ಲ ಇದರ ಮೇಲೆ ನಿಂತಿವೆ. ಚರ್ಮವೂ ಅಷ್ಟೇ. ಹಳೆಯ ಪದರ ಉದುರಿ ಹೊಸದು ಬರುವುದಕ್ಕೆ, ಬೆವರುವುದಕ್ಕೆ, ಜಿಡ್ಡು ಒಸರುವುದಕ್ಕೆ ಈ ಹಾರ್ಮೋನ್ ಬೇಕು.

ಹಾರ್ಮೋನ್ ಕಡಿಮೆಯಾದರೆ ಬೆವರು ಕಡಿಮೆ, ಜಿಡ್ಡು ಕಡಿಮೆ. ಚರ್ಮ ಒರಟಾಗುತ್ತದೆ, ತಣ್ಣಗಿರುತ್ತದೆ, ಬಿಳಿಚಿಕೊಳ್ಳುತ್ತದೆ. ಹೀಗೆ ಒಣಗಿದ ಚರ್ಮದಲ್ಲಿ ಸಣ್ಣ ಸಣ್ಣ ಸಂದು ಬಿಡುತ್ತದೆ. ಒಳಗಿನ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ಇಳಿಯುತ್ತವೆ. ನವೆ ಶುರುವಾಗುತ್ತದೆ. ಕೆರೆಯುತ್ತೀರಿ, ಅದು ಇಸುಬಾಗುತ್ತದೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಮೇಲೆ ಇದು ಜಾಸ್ತಿ. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯ ತಳ ನೋಡಿದ್ದೀರಲ್ಲ, ಮಣ್ಣು ಚೂರುಚೂರಾಗಿ ಬಿರಿದಿರುತ್ತದೆ. ಕಾಲಿನ ಚರ್ಮ ಥೇಟ್ ಹಾಗೇ ಬಿರಿಯುತ್ತದೆ, ಬಿರುಕಿನ ಅಂಚು ಕೆಂಪಗಿರುತ್ತದೆ. ವಯಸ್ಸಾದವರಿಗೆ ಥೈರಾಯ್ಡ್ ತೊಂದರೆ ಇಲ್ಲದೆಯೂ ಚಳಿಗಾಲದಲ್ಲಿ ಹೀಗೆ ಆಗುತ್ತದೆ. ಚಿತ್ರದುರ್ಗದ ಕಡೆ ಡಿಸೆಂಬರ್, ಜನವರಿಯ ಒಣ ಗಾಳಿ ಗೊತ್ತಲ್ಲ, ಅದೊಂದೇ ಸಾಕು. ಆದರೆ ಬೇಸಿಗೆ ಬಂದರೂ ಬಿಡದಿದ್ದರೆ, ಅಥವಾ ವಯಸ್ಸು ಇನ್ನೂ ಚಿಕ್ಕದಿದ್ದರೆ, ಒಳಗಿನ ಕಾರಣ ಹುಡುಕಬೇಕು.

ಇನ್ನೊಂದು ನಂಟು ನಮ್ಮ ಮೈಯ ರಕ್ಷಣಾ ವ್ಯವಸ್ಥೆಯದ್ದು. ದೊಡ್ಡವರಲ್ಲಿ ಥೈರಾಯ್ಡ್ ಕಡಿಮೆಯಾಗಲು ಮುಖ್ಯ ಕಾರಣಗಳಲ್ಲಿ ಒಂದು ಹಶಿಮೊಟೊ ಕಾಯಿಲೆ. ಜಪಾನಿನ ಹಕಾರು ಹಶಿಮೊಟೊ ಅನ್ನುವ ವೈದ್ಯರು 1912ರಲ್ಲಿ ಇದನ್ನು ಮೊದಲು ವಿವರಿಸಿದರು. ಇದರಲ್ಲಿ ಮೈಯ ರಕ್ಷಣಾ ಪಡೆ ತನ್ನದೇ ಥೈರಾಯ್ಡ್ ಮೇಲೆ ಬೀಳುತ್ತದೆ. ಚಿಕ್ಕಂದಿನಿಂದ ಇಸುಬು, ಉಬ್ಬಸ, ಸೀನು ಇರುವವರಲ್ಲೂ ಅದೇ ಪಡೆ ಹದ ತಪ್ಪಿರುತ್ತದೆ, ದಾರಿ ಬೇರೆ ಅಷ್ಟೆ. ಇಂಥ ಇಸುಬು ಇರುವ ದೊಡ್ಡವರಲ್ಲಿ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆಗಳು ಉಳಿದವರಿಗಿಂತ ತುಸು ಜಾಸ್ತಿ ಕಾಣುತ್ತವೆ ಅಂತ ದೊಡ್ಡ ಅಧ್ಯಯನಗಳು ಹೇಳಿವೆ. ಒಂದರಿಂದಲೇ ಇನ್ನೊಂದು ಬರುತ್ತದೆ ಅಂತ ಮಾತ್ರ ಸಾಬೀತಾಗಿಲ್ಲ. ಮೈಮೇಲೆ ದದ್ದು ಎದ್ದು, ಕೆಲವೇ ಗಂಟೆಯಲ್ಲಿ ಮಾಯವಾಗಿ, ಮತ್ತೆಲ್ಲೋ ಏಳುತ್ತದಲ್ಲ, ಆ ಗಂಧೆಯೇ ಬೇರೆ, ಇಸುಬೇ ಬೇರೆ. ಆರು ವಾರಕ್ಕಿಂತ ಜಾಸ್ತಿ ದಿನ ಕಾಡುವ ಗಂಧೆಗೂ ಥೈರಾಯ್ಡಿಗೂ ಇರುವ ನಂಟು ಇನ್ನೂ ಗಟ್ಟಿ.

ಥೈರಾಯ್ಡ್ ಜಾಸ್ತಿಯಾದರೂ ತುರಿಕೆ ಬರುತ್ತದೆ. ಆಗ ಚರ್ಮ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಊಟ ಮಾಡಿದರೂ ತೂಕ ಇಳಿಯುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಸುಬು ಇರುವ ಬಹುಪಾಲು ಜನರ ಥೈರಾಯ್ಡ್ ಸರಿಯಾಗೇ ಇರುತ್ತದೆ. ನಮ್ಮ ಅಂಗಡಿಗೆ ಬರುವ ಗಾರೆ ಕೆಲಸದ ಒಬ್ಬರಿಗೆ ಎರಡೂ ಅಂಗೈ ಬಿರಿದು ರಕ್ತ ಬರುತ್ತಿತ್ತು. ಯಾರೋ ಥೈರಾಯ್ಡ್ ಇರಬೇಕು ಅಂದಿದ್ದಕ್ಕೆ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. ಅವರಿಗೆ ಆಗದಿದ್ದದ್ದು ಸಿಮೆಂಟು. ಅದರಲ್ಲಿರುವ ಕ್ರೋಮಿಯಂ ಅಂಶ ಅನೇಕ ಗಾರೆಯವರ ಕೈಗೆ ಅಲರ್ಜಿ ಮಾಡುತ್ತದೆ.

ಯಾರು ಪರೀಕ್ಷೆ ಮಾಡಿಸಬೇಕು

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಕಾಲು ಪೂರ್ತಿ ಬಿರಿದಿತ್ತು. ಬಂದಾಗಲೆಲ್ಲ ಒಂದೇ ಮಾತು: "ಅಕ್ಕಾ, ಹೋದ ಸಲದ ಟ್ಯೂಬೇ ಕೊಡ್ರಿ." ಒಂದು ದಿನ ಮಾತಿಗೆ ಮಾತು ಬಂದು, "ಭಟ್ಟಿ ಮುಂದೆ ಕುಂತ್ರೂ ಬೆವರು ಬರಂಗಿಲ್ರಿ, ಮನ್ಯಾಗ ಎಲ್ಲಾರ್ಗೂ ಸೆಕೆ, ನನಗೊಬ್ಬಾಕಿಗೆ ಚಳಿ" ಅಂದರು. ಧ್ವನಿ ಗೊಗ್ಗರಾಗಿತ್ತು. ಮುಖ ಊದಿದ ಹಾಗಿತ್ತು. ಹುಬ್ಬಿನ ಹೊರಗಿನ ತುದಿಯ ಕೂದಲು ಉದುರಿತ್ತು. ಟ್ಯೂಬ್ ಕೊಡಲಿಲ್ಲ, ಮೊದಲು ಟಿಎಸ್‌ಎಚ್ ಮಾಡಿಸಿ ಡಾಕ್ಟರಿಗೆ ತೋರಿಸಿ ಅಂತ ಕಳಿಸಿದೆ. ಟಿಎಸ್‌ಎಚ್ ಬಹಳ ಮೇಲಿತ್ತು.

ಅವರು ಹೇಳಿದ ಒಂದೊಂದು ಮಾತೂ ಒಂದೊಂದು ಲಕ್ಷಣ. ನಿಮಗೂ ಇವುಗಳಲ್ಲಿ ಎರಡು ಮೂರು ಇಸುಬಿನ ಜೊತೆ ಸೇರಿಕೊಂಡಿದ್ದರೆ ತಡ ಮಾಡಬೇಡಿ. ಉಳಿದವರಿಗೆ ಇಲ್ಲದ ಚಳಿ. ಬೆವರು ಕಡಿಮೆ. ಊಟ ಅಷ್ಟೇ ಇದ್ದರೂ ತೂಕ ಏರುವುದು. ಮಲಬದ್ಧತೆ. ತಲೆಗೂದಲು ಗೊಂಚಲಾಗಿ ಬರುವುದು. ಉಗುರು ಮುರಿಯುವುದು. ಹೆಂಗಸರಿಗೆ ಮುಟ್ಟು ಏರುಪೇರು, ಸ್ರಾವ ಜಾಸ್ತಿ. ಮರೆವು, ಮಂಕು. ಕುತ್ತಿಗೆಯಲ್ಲಿ ಗಡ್ಡೆ ಇದ್ದರಂತೂ ಕೇಳುವುದೇ ಬೇಡ. ಮನೆಯಲ್ಲಿ ಅವ್ವನಿಗೋ ಅಕ್ಕತಂಗಿಯರಿಗೋ ಥೈರಾಯ್ಡ್ ಇದ್ದರೆ, ಅಥವಾ ನಿಮಗೇ ತೊನ್ನು, ಚಿಕ್ಕ ವಯಸ್ಸಿನಲ್ಲಿ ಬಂದ ಇನ್ಸುಲಿನ್ ಬೇಕಾಗುವ ಶುಗರ್ ಇದ್ದರೆ, ಆಗಲೂ ಮಾಡಿಸುವುದು ಒಳ್ಳೆಯದು. ಹೆಂಗಸರಲ್ಲಿ ಥೈರಾಯ್ಡ್ ತೊಂದರೆ ಗಂಡಸರಿಗಿಂತ ಬಹಳ ಜಾಸ್ತಿ. ಹೆರಿಗೆಯಾದ ಮೊದಲ ವರ್ಷದಲ್ಲಿಯೂ ಬರಬಹುದು.

ಪರೀಕ್ಷೆಗೆ ಓಡುವ ಮುಂಚೆ ಅದು ಇಸುಬೇ ಹೌದಾ ಅಂತಲೂ ನೋಡಬೇಕಲ್ಲ. ದುಂಡಗೆ, ಅಂಚು ಮಾತ್ರ ಕೆಂಪಾಗಿ ಹರಡುತ್ತಾ, ನಡುವೆ ತಿಳಿಯಾಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಬೇರೆ ಔಷಧಿ. ರಾತ್ರಿ ಹೊತ್ತು ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಕಜ್ಜಿ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ದಪ್ಪಗಾಗಿ ಕಪ್ಪಾಗಿ, ಹೊಲಕ್ಕೆ ಹೋಗಿ ಬಂದ ದಿನ ಜಾಸ್ತಿಯಾದರೆ ಕಾಂಗ್ರೆಸ್ ಗಿಡದ ಅಲರ್ಜಿ ಇರಬಹುದು. ಪಾರ್ಥೇನಿಯಂ ಅಂತಾರಲ್ಲ, ಅದೇ. ಗಿಡ ಮುಟ್ಟಲೇಬೇಕು ಅಂತಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ನಮ್ಮ ಎರಡೂ ಜಿಲ್ಲೆಯ ಬದುಗಳಲ್ಲಿ ಅದಕ್ಕೆ ಬರವಿಲ್ಲ. ಕೂದಲಿಗೆ ಬಣ್ಣ ಹಚ್ಚಿದ ಮೇಲೆ ನೆತ್ತಿ, ಕಿವಿ, ಹಣೆ ಉರಿದರೆ ಬಣ್ಣದ ಮೇಲೆ ಕಣ್ಣಿಡಿ. ಇದನ್ನೆಲ್ಲ ಮನೆಯಲ್ಲಿ ತೀರ್ಮಾನ ಮಾಡುವುದು ಕಷ್ಟ. ಚರ್ಮದ ಡಾಕ್ಟರು ಒಂದು ಸಲ ನೋಡಿದರೆ ಅರ್ಧ ಗೊಂದಲ ತೀರುತ್ತದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಬಾಪೂಜಿ ಆಸ್ಪತ್ರೆಯಲ್ಲಿ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು.

ದದ್ದೇ ಇಲ್ಲದೆ ಮೈಯೆಲ್ಲ ತುರಿಕೆ ಇದ್ದರೆ ಟಿಎಸ್‌ಎಚ್ ಒಂದೇ ಸಾಲದು. ರಕ್ತದ ಎಣಿಕೆ, ಕಬ್ಬಿಣದ ಅಂಶ, ಶುಗರ್, ಲಿವರ್, ಕಿಡ್ನಿ ಪರೀಕ್ಷೆಯನ್ನೂ ಡಾಕ್ಟರು ಬರೆಯುತ್ತಾರೆ. ಸುಸ್ತಿಗೂ ಅಷ್ಟೇ. ರಕ್ತ ಕಡಿಮೆಯಿದ್ದರೂ ಸುಸ್ತು. ನವೆಯಿಂದ ರಾತ್ರಿ ನಿದ್ದೆ ಇಲ್ಲದಿದ್ದರೂ ಸುಸ್ತು. ತುರಿಕೆಗೆ ಕೊಡುವ ಕೆಲವು ಅಲರ್ಜಿ ಮಾತ್ರೆಗಳಿಂದ ಮರುದಿನವೂ ತೂಕಡಿಕೆ ಇರುತ್ತದೆ.

ರಕ್ತ ಕೊಡುವ ಮುಂಚೆ

ಟಿಎಸ್‌ಎಚ್‌ಗೆ ಖಾಲಿ ಹೊಟ್ಟೆ ಬೇಕೇ ಬೇಕು ಅಂತಿಲ್ಲ. ಆದರೆ ಬೆಳಿಗ್ಗೆ ಹೊತ್ತು ಅದು ಸ್ವಲ್ಪ ಮೇಲಿರುತ್ತದೆ. ಹಾಗಾಗಿ ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕೊಡಿ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ. ಈಗಾಗಲೇ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಆ ದಿನ ರಕ್ತ ಕೊಟ್ಟ ಮೇಲೆ ನುಂಗಿ.

ಇನ್ನು ಬಯೋಟಿನ್ ಅನ್ನುವ ವಿಟಮಿನ್. ಇದರ ಬಗ್ಗೆ ಲ್ಯಾಬಿನಲ್ಲಿ ಕೇಳುವುದೇ ಅಪರೂಪ. ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ ಅಂತ ಎಷ್ಟೋ ಜನ ಬಯೋಟಿನ್ ಮಾತ್ರೆ, ಅಂಟು ಮಿಠಾಯಿಯಂಥ ಗಮ್ಮಿ ತಗೊಳ್ಳುತ್ತಾರೆ. ಥೈರಾಯ್ಡ್ ಕಡಿಮೆಯಾದಾಗಲೂ ಅದೇ ಕೂದಲು, ಅದೇ ಚರ್ಮ ಅಲ್ವಾ? ಅಂದರೆ ಪರೀಕ್ಷೆ ಯಾರಿಗೆ ಬೇಕೋ ಅವರೇ ಬಯೋಟಿನ್ ತಿಂದಿರುತ್ತಾರೆ. ಅನೇಕ ಲ್ಯಾಬ್‌ಗಳ ಯಂತ್ರಗಳು ರಕ್ತದಲ್ಲಿರುವ ಜಾಸ್ತಿ ಬಯೋಟಿನ್‌ನಿಂದ ಮೋಸ ಹೋಗುತ್ತವೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಬರುತ್ತದೆ, ಟಿ4 ಜಾಸ್ತಿ ಬರುತ್ತದೆ. ಕಡಿಮೆ ಇರುವ ಥೈರಾಯ್ಡ್ ಸರಿಯಾಗಿದೆ ಅಂತಲೋ, ಸರಿಯಿರುವುದು ಜಾಸ್ತಿ ಅಂತಲೋ ರಿಪೋರ್ಟ್ ಹೇಳಿಬಿಡುತ್ತದೆ. ಕಡೇಪಕ್ಷ ಎರಡು ದಿನ ಮುಂಚೆ ಬಯೋಟಿನ್ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಕೆಲವು ದಿನ ಮುಂಚೆಯೇ ನಿಲ್ಲಿಸಿ. ಡಬ್ಬಿಯ ಹಿಂದೆ ಓದಿ, "ಹೇರ್, ಸ್ಕಿನ್, ನೇಲ್ಸ್" ಅಂತ ಬರೆದ ಬಹುಪಾಲು ಮಾತ್ರೆಗಳಲ್ಲಿ ಇದು ಇರುತ್ತದೆ.

ಇಸುಬಿಗೆ ಅಂತ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ, ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಜಾಸ್ತಿ ಪ್ರಮಾಣದ ಸ್ಟೀರಾಯ್ಡ್ ಟಿಎಸ್‌ಎಚ್ ಅನ್ನು ತಗ್ಗಿಸುತ್ತದೆ. ಜ್ವರ, ದೊಡ್ಡ ಕಾಯಿಲೆ ಬಂದು ಮಲಗಿದ್ದಾಗಲೂ ಈ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಚೇತರಿಸಿಕೊಂಡ ಮೇಲೆ ಮಾಡಿಸಿ.

ರಿಪೋರ್ಟ್ ಕೈಗೆ ಬಂದ ಮೇಲೆ

ಟಿಎಸ್‌ಎಚ್ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಸೋತಷ್ಟೂ ಅದು ಟಿಎಸ್‌ಎಚ್ ಏರಿಸುತ್ತದೆ. ಹಾಗಾಗಿ ಅಂಕಿ ಮೇಲಿದ್ದರೆ ಥೈರಾಯ್ಡ್ ಕಡಿಮೆ ಅಂತ. ಬಹಳ ಜನ ಇದನ್ನು ತಿರುಗಾಮುರುಗಾ ತಿಳಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ದೊಡ್ಡವರಿಗೆ 0.4ರಿಂದ 4ರ ಆಸುಪಾಸು ಸರಿ ಅಂತ ಲೆಕ್ಕ. ನಿಮ್ಮ ಲ್ಯಾಬಿನ ಹಾಳೆಯ ಬಲಗಡೆ ಅವರದ್ದೇ ಮಿತಿ ಇರುತ್ತದೆ, ಅದನ್ನು ನೋಡಿ.

ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಶುರು ಮಾಡುತ್ತಾರೆ. ಮಿತಿಗಿಂತ ಸ್ವಲ್ಪ ಮೇಲಿದ್ದು ಟಿ4 ಸರಿಯಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದು ವಾಡಿಕೆ. ಎಷ್ಟೋ ಸಲ ಅದು ತಾನೇ ಇಳಿದಿರುತ್ತದೆ. ವಯಸ್ಸಾದವರಲ್ಲಿ ಅಂಕಿ ತುಸು ಮೇಲಿರುವುದು ಸಹಜವೂ ಹೌದು. ಆಂಟಿ ಟಿಪಿಒ ಅನ್ನುವ ಪರೀಕ್ಷೆ ಹಶಿಮೊಟೊ ಇದೆಯೇ ಅಂತ ತಿಳಿಸುತ್ತದೆ. ಒಂದು ಸಲ ಪಾಸಿಟಿವ್ ಬಂದರೆ ಸಾಕು, ಪದೇ ಪದೇ ಅದಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ.

ಗಡಿಯಲ್ಲಿರುವ ಅಂಕಿ ನೋಡಿ "ಓ, ನನ್ನ ಇಸುಬಿಗೆ ಇದೇ ಕಾರಣ, ಮಾತ್ರೆ ಕೊಟ್ಟುಬಿಡಿ" ಅಂತ ಒತ್ತಾಯ ಮಾಡಬೇಡಿ. ಬೇಡದ ಥೈರಾಯ್ಡ್ ಮಾತ್ರೆ ಎದೆಬಡಿತ ಏರಿಸುತ್ತದೆ, ಮೂಳೆ ಸವೆಸುತ್ತದೆ. ಇಸುಬೂ ಹೋಗುವುದಿಲ್ಲ.

ಮಾತ್ರೆ ನುಂಗುವ ರೀತಿ

ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಮಾತ್ರೆ ಲೆವೊಥೈರಾಕ್ಸಿನ್. ಅದನ್ನು ಬರೆದುಕೊಟ್ಟರೆ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ. ಚಹಾ, ಕಾಫಿ, ಗಂಜಿ, ತಿಂಡಿ ಎಲ್ಲ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಅಸಿಡಿಟಿಯ ಬಿಳಿ ಔಷಧಿ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ತಗೊಳ್ಳಬಹುದು. ಬಾಟಲಿಯನ್ನು ಒಲೆಯ ಪಕ್ಕ, ಕಿಟಕಿಯ ಬಿಸಿಲಿನಲ್ಲಿ, ದೇವರ ದೀಪದ ಹತ್ತಿರ ಇಡಬೇಡಿ. ಏಪ್ರಿಲ್ ತಿಂಗಳ ದಾವಣಗೆರೆ ಸೆಕೆಗೆ ಈ ಮಾತ್ರೆಯ ಶಕ್ತಿ ಕುಂದುತ್ತದೆ. ತಂಪಾದ, ಕತ್ತಲಿರುವ ಕಪಾಟು ಸಾಕು.

ಡೋಸ್ ಬದಲಾದ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡುತ್ತಾರೆ. ಅದಕ್ಕೂ ಮುಂಚೆ ನೋಡಿದರೆ ಅಂಕಿ ಇನ್ನೂ ನೆಲೆಗೆ ನಿಂತಿರುವುದಿಲ್ಲ. ಚರ್ಮ ಸರಿಹೋಗಲು ಅದಕ್ಕಿಂತ ಜಾಸ್ತಿ ದಿನ ಬೇಕು, ಕೂದಲಿಗೆ ಇನ್ನೂ ಜಾಸ್ತಿ. ಈ ಮಧ್ಯೆ ಬೇಸರ ಬಂದು ಮಾತ್ರೆ ಬಿಡುವವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಭಟ್ಟಿಯ ಆ ತಾಯಿಗೆ ಬೆವರು ಮರಳಿದ್ದು ಮೊದಲು, ಕಾಲಿನ ಬಿರುಕು ಮುಚ್ಚಿದ್ದು ಆಮೇಲೆ. ಈಗಲೂ ಚಳಿಗಾಲದಲ್ಲಿ ಕಾಲಿಗೆ ಜಿಡ್ಡು ಹಚ್ಚುವುದನ್ನು ಅವರು ಬಿಡುವ ಹಾಗಿಲ್ಲ.

ಥೈರಾಯ್ಡ್ ಜಾಸ್ತಿ ಇರುವವರಿಗೆ ಕಾರ್ಬಿಮಜೋಲ್ ಕೊಡುತ್ತಾರೆ. ಆ ಮಾತ್ರೆಯಿಂದಲೇ ಕೆಲವರಿಗೆ ತುರಿಕೆ, ದದ್ದು ಬರುತ್ತದೆ. ಇಸುಬು ಅಂದುಕೊಂಡು ಸುಮ್ನೆ ಇರಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ. ಅದನ್ನು ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಬಿಳಿ ರಕ್ತಕಣ ಕುಸಿದಿರುವ ಅಪಾಯ ಇರುತ್ತದೆ.

ಚರ್ಮದ ಆರೈಕೆ ಮಾತ್ರ ಬಿಡುವ ಹಾಗಿಲ್ಲ

ಥೈರಾಯ್ಡ್ ಮಾತ್ರೆ ಶುರುವಾದ ಕೂಡಲೇ ಚರ್ಮದ ಔಷಧಿ ಬಿಡುವವರು ಬಹಳ. ಮೂಲ ಸಿಕ್ಕಿತಲ್ಲ, ಇನ್ನು ಮುಲಾಮು ಯಾಕೆ ಅನ್ನುತ್ತಾರೆ. ಹಾಗೆ ಮಾಡಬೇಡಿ. ಬಿರಿದ ಚರ್ಮ ತಾನೇ ಮುಚ್ಚಿಕೊಳ್ಳಲು ಹೊರಗಿನ ಸಹಾಯ ಬೇಕು.

ಸ್ನಾನದಿಂದಲೇ ಶುರು ಮಾಡೋಣ. ಹಂಡೆಯ ಸುಡು ನೀರು ನವೆಗೆ ಹಿತ ಅನಿಸುತ್ತದೆ ನಿಜ, ಆದರೆ ಇರುವ ಜಿಡ್ಡನ್ನೂ ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷ, ಸಾಕು. ಕಾಲಿಗೆ ಕಲ್ಲು, ನಾರು, ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಇರಲಿ. ಒಣಗಿದ ಕಾಲಿಗೆ ದಿನಾ ಬೇಡ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ನೊರೆ ಬರುವುದಿಲ್ಲ. ನೊರೆ ಬರಲಿ ಅಂತ ಇನ್ನೂ ಜಾಸ್ತಿ ಸೋಪು ಹಾಕುತ್ತೇವೆ, ಅದು ಚರ್ಮದ ಮೇಲೇ ಉಳಿಯುತ್ತದೆ. ನಲ್ಲಿಯ ಹೊಳೆ ನೀರು ಬರುವ ಮನೆಯಾದರೆ ಕಡೆಗೆ ಎರಡು ಚೊಂಬು ಅದನ್ನೇ ಸುರಿದುಕೊಳ್ಳಿ.

ಮೈಯನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಇನ್ನೂ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು. ದುಬಾರಿ ಕ್ರೀಮೇ ಬೇಕಿಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯದು, ಅಗ್ಗವೂ ಹೌದು. ಶುದ್ಧ ಕೊಬ್ಬರಿ ಎಣ್ಣೆ ಕೂಡ ಬಹಳ ಜನರಿಗೆ ಹೊಂದುತ್ತದೆ. ಸಾಸಿವೆ ಎಣ್ಣೆ ಬೇಡ, ಉರಿಸುತ್ತದೆ. ಘಮಘಮ ಅನ್ನುವ ಲೋಷನ್ ಕೂಡ ಬೇಡ. ಕೂದಲು ಬೆಳೆದ ದಿಕ್ಕಿಗೇ ಸವರಿ, ತಿಕ್ಕಬೇಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಕೈಗಾದರೆ ತೊಳೆದಾಗಲೆಲ್ಲ. ಸಣ್ಣ ಡಬ್ಬಿ ತಿಂಗಳಾನುಗಟ್ಟಲೆ ಬಂದರೆ ನೀವು ಹಚ್ಚುತ್ತಿರುವುದು ಕಡಿಮೆ ಅಂತ ಅರ್ಥ. ಭಟ್ಟಿ, ಒಲೆ, ಬೀಡಿಯ ಹತ್ತಿರ ಕೆಲಸ ಮಾಡುವವರು ಒಂದು ಎಚ್ಚರ ತಗೊಳ್ಳಿ. ಜೆಲ್ಲಿ, ಎಣ್ಣೆ ಹತ್ತಿದ ಬಟ್ಟೆಗೆ ಕಿಡಿ ಬಿದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಹಚ್ಚಿ, ಬಟ್ಟೆ ಆಗಾಗ ಒಗೆಯಿರಿ.

ಕೆಂಪಾಗಿ ಉರಿಯುವ ಇಸುಬಿಗೆ ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆಯುತ್ತಾರೆ. ಅದಕ್ಕೆ ಹೆದರಿ ಹಚ್ಚದೇ ಇರುವವರೂ ಇದ್ದಾರೆ, ವರ್ಷಾನುಗಟ್ಟಲೆ ಹಚ್ಚುವವರೂ ಇದ್ದಾರೆ. ಎರಡೂ ಸರಿಯಲ್ಲ. ಅಳತೆ ಸುಲಭ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಅನ್ನುವುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಖ, ಕಂಕುಳು, ತೊಡೆಸಂದಿಗೆ ಜೋರಿನ ಮುಲಾಮು ಕೂಡದು. ಅಲ್ಲಿನ ಚರ್ಮ ಬೇಗ ತೆಳ್ಳಗಾಗುತ್ತದೆ. ಅಂಥ ಜಾಗಕ್ಕೆ ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡ್ ಇಲ್ಲದ ಮುಲಾಮು ಇದೆ. ಅದೂ ಚೀಟಿಯ ಮೇಲೆಯೇ.

ಚೀಟಿ ಇಲ್ಲದೆ ಕೊಡುವ ಮೂರು ನಾಲ್ಕು ಔಷಧಿ ಸೇರಿಸಿದ ಟ್ಯೂಬ್‌ಗಳ ಬಗ್ಗೆ ನನಗೆ ಬಹಳ ಸಿಟ್ಟಿದೆ. ಸ್ಟೀರಾಯ್ಡ್, ಹುಳುಕಡ್ಡಿಯ ಔಷಧಿ, ಆಂಟಿಬಯೋಟಿಕ್ ಎಲ್ಲ ಒಂದರಲ್ಲೇ. ಹಚ್ಚಿದ ಎರಡನೇ ದಿನ ನವೆ ನಿಲ್ಲುತ್ತದೆ, ಜನ ಮೆಚ್ಚುತ್ತಾರೆ. ಹುಳುಕಡ್ಡಿಯಾಗಿದ್ದರೆ ಒಳಗೊಳಗೇ ಹರಡುತ್ತದೆ, ರೂಪವೂ ಬದಲಾಗುತ್ತದೆ. ಆಮೇಲೆ ಡಾಕ್ಟರಿಗೂ ಗುರುತಿಸುವುದು ಕಷ್ಟ. ಯಾವ ಅಂಗಡಿಯವರೇ ಕೊಟ್ಟರೂ ತಗೊಳ್ಳಬೇಡಿ. ನಾನು ಕೊಡುವುದಿಲ್ಲ ಅಂದಾಗ ಮುನಿಸಿಕೊಂಡು ಹೋದವರಿದ್ದಾರೆ, ಹೋಗಲಿ.

ಬಿರುಕು ಹಸಿಯಾಗಿದ್ದಾಗ ದಿನಾ ದೊಡ್ಡ ಜಾಗಕ್ಕೆ ಪೊವಿಡೋನ್ ಅಯೋಡಿನ್ ಹಚ್ಚುವವರಿದ್ದಾರೆ. ಗಾಯಕ್ಕೆ ಹಾಕುವ ಕಂದು ಬಣ್ಣದ ಔಷಧಿ ಅದು. ಹಸಿ ಚರ್ಮದಿಂದ ಅಯೋಡಿನ್ ಒಳಗೆ ಇಳಿಯುತ್ತದೆ, ಜಾಸ್ತಿಯಾದರೆ ಥೈರಾಯ್ಡನ್ನೇ ಏರುಪೇರು ಮಾಡುತ್ತದೆ. ಸಣ್ಣ ಗಾಯಕ್ಕೆ ಒಂದೆರಡು ದಿನ ಹಚ್ಚಿದರೆ ತೊಂದರೆಯಿಲ್ಲ. ಥೈರಾಯ್ಡ್ ಇರುವವರು ಇಸುಬಿಗೆ ಅದನ್ನೇ ನಂಬಿ ಕೂರಬೇಡಿ.

ಕೈ ಇಸುಬಿನವರಿಗೆ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪಾತ್ರೆ ಸೋಪು ಶತ್ರು. ಒಳಗೆ ತೆಳು ಹತ್ತಿ ಕೈಗವಸು, ಮೇಲೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಕೆಲಸ ಮಾಡಿ. ಅಕ್ಕನಿಗೆ ನಾನು ಬಹಳ ಹೇಳಿ ಬಿಡಿಸಿದ್ದು ಕಂಬಳಿಯನ್ನು ನೇರ ಮೈಗೆ ತಾಗುವ ಹಾಗೆ ಹೊದೆಯುವುದು. ಚಳ್ಳಕೆರೆ ಕಡೆ ಮನೆಯಲ್ಲಿ ಕುರಿ ಕಂಬಳಿ ಇಲ್ಲದೆ ಚಳಿಗಾಲ ಇಲ್ಲ. ಅದರ ಒರಟು ಉಣ್ಣೆ ಒಣ ಚರ್ಮಕ್ಕೆ ಚುಚ್ಚಿ ನವೆ ಕೆದಕುತ್ತದೆ. ಥೈರಾಯ್ಡ್ ಕಡಿಮೆ ಇರುವವರಿಗೆ ಚಳಿ ಜಾಸ್ತಿ, ಕಂಬಳಿ ಬೇಕೇ ಬೇಕು. ಈಗ ಅವಳು ಒಳಗೆ ಹಳೆಯ ಹತ್ತಿ ಸೀರೆ ಹೊದ್ದು ಮೇಲೆ ಕಂಬಳಿ ಹಾಕಿಕೊಳ್ಳುತ್ತಾಳೆ. ಚಳಿಯೂ ತಡೆಯುತ್ತದೆ, ನವೆಯೂ ಕಡಿಮೆ.

ಊಟದ ವಿಷಯಕ್ಕೆ ಬಂದರೆ, ನಂಜು ಅಂತ ಬದನೆಕಾಯಿ, ಶೇಂಗಾ, ಮೊಟ್ಟೆ, ಹಾಲು ಎಲ್ಲ ಬಿಡಿಸುತ್ತಾರೆ. ಆಮೇಲೆ ಥೈರಾಯ್ಡ್ ಅಂತ ಕೋಸು, ಹೂಕೋಸು ಕೂಡ ಬಿಡಿಸುತ್ತಾರೆ. ಕಡೆಗೆ ತಟ್ಟೆಯಲ್ಲಿ ಅನ್ನ ಸಾರು ಬಿಟ್ಟರೆ ಏನೂ ಉಳಿಯುವುದಿಲ್ಲ. ತಿಂದಾಗ ನಿಮಗೆ ಖಚಿತವಾಗಿ ಏಳುವ ಪದಾರ್ಥ ಇದ್ದರೆ ಅದೊಂದನ್ನು ಬಿಡಿ. ಕೋಸನ್ನು ಬೇಯಿಸಿ ಹದವಾಗಿ ತಿಂದರೆ ಥೈರಾಯ್ಡಿಗೆ ತೊಂದರೆಯಿಲ್ಲ. ಅಯೋಡಿನ್ ಇರುವ ಅಡುಗೆ ಉಪ್ಪು ಬಿಡುವ ಅಗತ್ಯವೂ ಇಲ್ಲ. ಥೈರಾಯ್ಡ್ ವಾಸಿ ಮಾಡುತ್ತೇವೆ ಅಂತ ಮಾರುವ ಪುಡಿ, ಸಮುದ್ರದ ಪಾಚಿಯ ಮಾತ್ರೆ ಮಾತ್ರ ದೂರ ಇಡಿ.

ಯಾವಾಗ ಕಾಯಬಾರದು

ಇಸುಬಿನ ಜಾಗದಲ್ಲಿ ಕೀವು, ಹಳದಿ ಹಕ್ಕಳೆ, ಜ್ವರ ಇದ್ದರೆ, ಒಂದೇ ರೀತಿಯ ಸಣ್ಣ ಗುಳ್ಳೆ ಗುಂಪಾಗಿ ಎದ್ದು ವಿಪರೀತ ನೋವಾದರೆ, ಮೈಯೆಲ್ಲ ಕೆಂಪಾಗಿ ಹೊಟ್ಟು ಉದುರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಇರುವ ವಯಸ್ಸಾದವರು ಮೈ ತಣ್ಣಗಾಗಿ, ಎಬ್ಬಿಸಿದರೂ ಏಳದಷ್ಟು ಮಂಪರಾಗಿ, ತಡವರಿಸಿ ಮಾತಾಡುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಕುತ್ತಿಗೆಯ ಗಡ್ಡೆ ಬೇಗ ಬೇಗ ಬೆಳೆಯುತ್ತಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಸುಮ್ನೆ ಕೂರಬೇಡಿ. ಥೈರಾಯ್ಡ್ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳು ಬಸುರಿ ಅಂತ ತಿಳಿದ ಕೂಡಲೇ ಟಿಎಸ್‌ಎಚ್ ಮಾಡಿಸಿ ಡಾಕ್ಟರನ್ನು ನೋಡಬೇಕು. ಆಗ ಮಾತ್ರೆ ಜಾಸ್ತಿ ಬೇಕಾಗುತ್ತದೆ, ತಾವಾಗಿ ನಿಲ್ಲಿಸಲೇಬಾರದು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಸುಬು ಯಾವಾಗ ಶುರುವಾಯಿತು, ಯಾವ ತಿಂಗಳಲ್ಲಿ ಜಾಸ್ತಿ, ಏನು ಕೆಲಸ, ಮನೆಯಲ್ಲಿ ಯಾರಿಗೆ ಥೈರಾಯ್ಡ್, ಉಬ್ಬಸ, ತೊನ್ನು. ಇಸುಬು ಜೋರಿರುವ ದಿನ ಹಗಲು ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದಿಡಿ, ಯಾಕೆಂದರೆ ತೋರಿಸುವ ದಿನ ಅದು ಇಳಿದಿರುತ್ತದೆ. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಥೈರಾಯ್ಡ್ ರಿಪೋರ್ಟ್, ಥೈರಾಯ್ಡ್ ಡಾಕ್ಟರ ಹತ್ತಿರ ಹೋಗುವಾಗ ಚರ್ಮದ ಚೀಟಿ, ಎರಡೂ ಒಂದೇ ಫೈಲಿನಲ್ಲಿ ಇರಲಿ. ನುಂಗುವ ಮಾತ್ರೆಗಳ ಖಾಲಿ ಪಟ್ಟಿಗಳನ್ನು, ಹಚ್ಚಿ ಮುಗಿದ ಟ್ಯೂಬ್‌ಗಳನ್ನು ಬಿಸಾಡಬೇಡಿ. ಎಷ್ಟು ಹಳೆಯದಾಗಿದ್ದರೂ, ಯಾರು ಕೊಟ್ಟಿದ್ದರೂ ಸರಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ.